ಬೋರಿನ ನೀರು ಕೆಂಪಾಗುವುದಕ್ಕೂ ಭೂಮಿಯ ಮೊದಲ ಗಾಳಿಗೂ ಏನು ನಂಟು?

ಸಂಡೂರಿನ ಹತ್ತಿರ ನಮ್ಮ ಅಕ್ಕನ ಮನೆ ಇದೆ. ಮನೆ ಹಿಂದೆ ಒಂದು ಬೋರು. ಹೋದ ಬೇಸಿಗೆಯಲ್ಲಿ ಅಲ್ಲಿದ್ದಾಗ ಅಕ್ಕನ ಮಗಳು ಬೆಳಗ್ಗೆ ಒಂದು ಬಕೆಟ್ ನೀರು ಹಿಡಿದಿಟ್ಟಳು. ಮೋಟರ್ ಹಾಕಿದ ಕೂಡಲೇ ಬಂದ ನೀರು ಎಷ್ಟು ತಿಳಿಯಾಗಿತ್ತು ಅಂದರೆ ಬಕೆಟ್ಟಿನ ತಳದ ಗೀರುಗಳೂ ಕಾಣುತ್ತಿದ್ದವು. ನಾಷ್ಟಾ ಮುಗಿಸಿ ಬಂದು ನೋಡಿದರೆ ನೀರಿಗೆ ಅರಿಸಿನದ ಬಣ್ಣ ಬಂದಿದೆ. ಮಧ್ಯಾಹ್ನದ ಹೊತ್ತಿಗೆ ಕೆಂಚು. ಸಂಜೆ ಮೇಲಿನ ನೀರು ಮತ್ತೆ ತಿಳಿಯಾಗಿತ್ತು, ತಳದಲ್ಲಿ ಮಾತ್ರ ಕಾವಿ ಬಣ್ಣದ ನುಣ್ಣನೆಯ ಗಸಿ ಕೂತಿತ್ತು. ಬೆರಳಿಂದ ತೆಗೆದರೆ ಕುಂಕುಮದ ಹಾಗೆ ಮೆತ್ತಿಕೊಳ್ಳುತ್ತದೆ.

"ಬರುವಾಗ ಚೊಲೋ ಇತ್ತಲ್ಲ ಮಾಮಾ, ಈಗ್ಯಾಕ ಕೆಂಪಾತು?" ಅಂತ ಅವಳು ಕೇಳಿದಳು.

ಕಬ್ಬಿಣ ಜಾಸ್ತಿ ಇರುವ ಕಡೆ ಎಲ್ಲರೂ ಇದನ್ನು ನೋಡಿರುತ್ತಾರೆ. ಬಿಳಿ ಬಟ್ಟೆ ಒಗೆದರೆ ಕಲೆ, ಟ್ಯಾಂಕಿನ ಗೋಡೆಗೆ ಕೆಂಪು ಪದರ. ಆದರೆ ಅವಳ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡಬೇಕಾದರೆ ಭೂಮಿಯ ಮೊದಲ ಗಾಳಿ ಹೇಗಿತ್ತು, ಜೀವ ಹೇಗೆ ಹುಟ್ಟಿರಬಹುದು ಅನ್ನುವ ತನಕ ಹೋಗಬೇಕಾಗುತ್ತದೆ. ಆ ಬಕೆಟ್ಟಿನಲ್ಲಿ ಅವತ್ತು ನಡೆದದ್ದೇ ಒಂದು ಕಾಲದಲ್ಲಿ ಇಡೀ ಸಮುದ್ರದಲ್ಲಿ ನಡೆದಿದೆ.

ಮೊದಲು ಬಕೆಟ್ಟಿನ ವಿಷಯ ಮುಗಿಸೋಣ. ಕಬ್ಬಿಣಕ್ಕೆ ಎರಡು ರೂಪ ಇವೆ ಅಂದುಕೊಳ್ಳಿ. ಒಂದು ನೀರಿನಲ್ಲಿ ಉಪ್ಪಿನ ಹಾಗೆ ಕರಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಇನ್ನೊಂದು ಕರಗುವುದಿಲ್ಲ, ಅದೇ ತುಕ್ಕು. ಮೊದಲನೆಯದನ್ನು ಎರಡನೆಯದಾಗಿ ಮಾಡುವುದು ಆಮ್ಲಜನಕ, ಅಂದರೆ ನಾವು ಉಸಿರಾಡುವ ಆಕ್ಸಿಜನ್. ನೂರಾರು ಅಡಿ ಕೆಳಗೆ, ಬಂಡೆಯ ಸಂದಿಯಲ್ಲಿ, ಆಕ್ಸಿಜನ್ ಇಲ್ಲ. ಹಾಗಾಗಿ ಕಬ್ಬಿಣ ಸುಮ್ನೆ ನೀರಿನಲ್ಲಿ ಕರಗಿಕೊಂಡು ಇರುತ್ತದೆ. ಮೇಲೆ ಬಂದು ಗಾಳಿ ಸೋಕಿದ್ದೇ ತಡ, ತುಕ್ಕಾಗಿ ಕೆಳಗೆ ಇಳಿಯುತ್ತದೆ. ನೀರು ಕೆಟ್ಟದ್ದಲ್ಲ, ಅದಕ್ಕೆ ಮೊದಲ ಸಲ ಗಾಳಿ ತಗುಲಿದ್ದು ಅಷ್ಟೇ.

ಈಗ ತಲೆ ಎತ್ತಿ ಗುಡ್ಡ ನೋಡಿ. ಸಂಡೂರಿನ ಸುತ್ತ ಇರುವ ಗುಡ್ಡಸಾಲಿನಲ್ಲಿ, ದೋಣಿಮಲೈ ಕಡೆ, ಕುಮಾರಸ್ವಾಮಿ ಬೆಟ್ಟದ ಕಡೆ, ಮೈನ್ಸ್ ಲಾರಿಗಳು ಹೊತ್ತುಕೊಂಡು ಹೋಗುವ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿದ್ದೀರಾ? ನನ್ನ ಮೇಜಿನ ಮೇಲೆ ಅಂಥದೊಂದು ತುಂಡು ಇದೆ. ಅಂಗೈ ಅಗಲ ಅಷ್ಟೆ, ಆದರೆ ಎತ್ತಿದರೆ ಆ ಗಾತ್ರದ ಬೇರೆ ಯಾವ ಕಲ್ಲಿಗೂ ಇಲ್ಲದ ಭಾರ. ಪಕ್ಕದಿಂದ ನೋಡಿದರೆ ಗೆರೆ ಗೆರೆ. ಒಂದು ಗೆರೆ ಉಕ್ಕಿನ ಹೊಳಪಿನ ಬೂದು, ಅದರ ಮೇಲೆ ಒಂದು ಕೆಂಪು, ಮತ್ತೆ ಬೂದು, ಮತ್ತೆ ಕೆಂಪು. ಇಳಕಲ್ ಸೀರೆಯ ದಡಿಯಲ್ಲಿ ಎಳೆ ಎಳೆಯಾಗಿ ಬಣ್ಣ ಕೂತಿರುತ್ತದಲ್ಲ, ಹಾಗೆ. ಕೆಲವು ಗೆರೆಗಳು ಬೆಂಕಿಕಡ್ಡಿಯಷ್ಟು ದಪ್ಪ, ಕೆಲವು ಕೂದಲೆಳೆ.

ಈ ಗೆರೆಗಳು ಸಮುದ್ರದ ತಳದಲ್ಲಿ ಒಂದರ ಮೇಲೊಂದು ಕೂತ ಗಸಿ. ಬೂದುಗೆರೆಯಲ್ಲಿ ಕಬ್ಬಿಣದ ಅಂಶ ಹೆಚ್ಚು, ಕೆಂಪುಗೆರೆಯಲ್ಲಿ ಕಬ್ಬಿಣದ ಜೊತೆ ಬೆಣಚುಕಲ್ಲಿನ ಅಂಶ ಬೆರೆತಿದೆ. ವಯಸ್ಸು ಸುಮಾರು 270 ಕೋಟಿ ವರ್ಷ. ಆಮೇಲೆ ಎಷ್ಟೋ ಕಾಲ ಮಳೆನೀರು ಇಳಿದು ಇಳಿದು ಬೆಣಚಿನ ಅಂಶ ತೊಳೆದುಹೋಗಿ, ಕಬ್ಬಿಣ ಮಾತ್ರ ಉಳಿದ ಕಡೆ ಒಳ್ಳೆ ದರ್ಜೆಯ ಅದಿರಾಯಿತು. ಅದನ್ನೇ ನಾವು ಅಗೆಯುತ್ತಿದ್ದೇವೆ.

ಇಲ್ಲಿ ಸಮುದ್ರ ಎಲ್ಲಿತ್ತು ಅಂತ ಅನಿಸಬಹುದು. ಇತ್ತು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋದರೆ ದಿಂಬುಗಳನ್ನು ಒಟ್ಟಿದ ಹಾಗೆ ಕಾಣುವ ಬಂಡೆಗಳಿವೆ. ಲಾವಾ ನೀರಿನ ಅಡಿಯಲ್ಲಿ ಉಕ್ಕಿದಾಗ ಮಾತ್ರ ಹಾಗೆ ದಿಂಬಿನ ಆಕಾರಕ್ಕೆ ಗಟ್ಟಿಯಾಗುತ್ತದೆ. ನಾವು ಬಿಸಿಲು ನಾಡು ಅನ್ನುವ ಈ ಸೀಮೆಯ ಒಂದಷ್ಟು ಭಾಗ ಆಗ ಕಡಲ ತಳ.

ಈಗ ಎರಡನ್ನೂ ಜೋಡಿಸಿ ನೋಡಿ. ಇಷ್ಟು ದೊಡ್ಡ ಗುಡ್ಡಸಾಲಿಗೆ ಆಗುವಷ್ಟು ಕಬ್ಬಿಣ ಸಮುದ್ರದಲ್ಲಿ ಕರಗಿಕೊಂಡಿತ್ತು ಅಂದರೆ, ಆ ಸಮುದ್ರಕ್ಕೆ ಆಕ್ಸಿಜನ್ ಸೋಕಿರಲಿಲ್ಲ. ಸೋಕಿದ್ದರೆ ಕಬ್ಬಿಣ ಹುಟ್ಟಿದಲ್ಲೇ ತುಕ್ಕಾಗಿ ಬೀಳುತ್ತಿತ್ತು, ದೂರದ ತನಕ ಹರಡುತ್ತಲೇ ಇರಲಿಲ್ಲ. ಇವತ್ತಿನ ಸಮುದ್ರದಲ್ಲಿ ಕರಗಿದ ಕಬ್ಬಿಣ ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ಸಮುದ್ರದಲ್ಲಿ ಆಕ್ಸಿಜನ್ ಇರಲಿಲ್ಲ ಅಂದರೆ ಅದರ ಮೇಲಿನ ಗಾಳಿಯಲ್ಲೂ ಇರಲಿಲ್ಲ. ಅಂದರೆ ಭೂಮಿಯ ಆಯುಷ್ಯದ ಮೊದಲ ಅರ್ಧದಷ್ಟು ಕಾಲ ಇಲ್ಲಿ ನಾವು ಗಾಳಿ ಅನ್ನುವ ಗಾಳಿಯೇ ಇರಲಿಲ್ಲ. ಆ ಕಾಲಕ್ಕೆ ಹೋಗಿ ನಿಂತರೆ ಕೆಲವೇ ನಿಮಿಷದಲ್ಲಿ ನಮ್ಮ ಪ್ರಾಣ ಹೋಗುತ್ತಿತ್ತು.

ಹಾಗಾದರೆ ಏನಿತ್ತು?

ಭೂಮಿ ಹುಟ್ಟಿ ಸುಮಾರು 454 ಕೋಟಿ ವರ್ಷ. ಹುಟ್ಟಿದಾಗ ಸುತ್ತ ಇದ್ದಿರಬಹುದಾದ ಜಲಜನಕ, ಹೀಲಿಯಂ ಬಹಳ ಹಗುರ. ಭೂಮಿಯ ಸೆಳೆತಕ್ಕೆ ನಿಲ್ಲದೆ ಆಕಾಶಕ್ಕೆ ಹಾರಿಹೋದವು. ಆಮೇಲೆ ಮಂಗಳ ಗ್ರಹದಷ್ಟು ದೊಡ್ಡದೊಂದು ಕಾಯ ಭೂಮಿಗೆ ಬಡಿಯಿತು, ಸಿಡಿದ ಚೂರುಗಳು ಸೇರಿ ಚಂದ್ರನಾಯಿತು ಅನ್ನುವುದು ಇವತ್ತು ಹೆಚ್ಚಿನವರು ಒಪ್ಪುವ ಮಾತು. ಆ ಪೆಟ್ಟಿಗೆ ಭೂಮಿಯ ಮೈ ಕರಗಿ ಬೆಂಕಿಯ ಕಡಲಾಯಿತು. ಅದು ತಣಿಯುತ್ತಾ ಬಂದಂತೆ ಒಳಗಿನ ಅನಿಲಗಳು ಹೊರಗೆ ಬಂದವು. ನಮ್ಮ ಎರಡನೆಯ ವಾತಾವರಣ ಹುಟ್ಟಿದ್ದು ಹೀಗೆ, ಜ್ವಾಲಾಮುಖಿಗಳ ಬಾಯಿಂದ. ಅದರಲ್ಲಿ ಹೆಚ್ಚಿದ್ದದ್ದು ನೀರಿನ ಆವಿ, ಇಂಗಾಲದ ಡೈ ಆಕ್ಸೈಡ್, ಸಾರಜನಕ. ಜೊತೆಗೆ ಗಂಧಕದ ಅನಿಲಗಳು, ಅಲ್ಪಸ್ವಲ್ಪ ಜಲಜನಕ, ಕಾರ್ಬನ್ ಮೊನಾಕ್ಸೈಡ್, ಮೀಥೇನ್.

ಆವಿ ತಣಿದು ಮಳೆಯಾಯಿತು, ಮಳೆ ಸಮುದ್ರವಾಯಿತು. ಇದು ಬಹಳ ಬೇಗ ಆಯಿತು ಅನ್ನುವುದಕ್ಕೆ ಸಾಕ್ಷಿ ಆಸ್ಟ್ರೇಲಿಯಾದ ಪಶ್ಚಿಮದಲ್ಲಿರುವ ಜ್ಯಾಕ್ ಹಿಲ್ಸ್ ಎಂಬಲ್ಲಿ ಸಿಕ್ಕ ಜಿರ್ಕಾನ್ ಹರಳುಗಳು. ಮರಳಿನ ಕಣದಷ್ಟು ಚಿಕ್ಕವು. ಅವುಗಳಲ್ಲಿ ಅತಿ ಹಳೆಯದಕ್ಕೆ 440 ಕೋಟಿ ವರ್ಷ. ಅದರೊಳಗೆ ಸಿಕ್ಕಿಕೊಂಡಿರುವ ಆಕ್ಸಿಜನ್ನಿನ ಬಗೆ ನೋಡಿದರೆ, ಆ ಕಲ್ಲು ಹುಟ್ಟುವಾಗಲೇ ಸುತ್ತಮುತ್ತ ದ್ರವರೂಪದ ನೀರು ಇತ್ತು ಅಂತ ಗೊತ್ತಾಗುತ್ತದೆ.

ಸೂರ್ಯ ಆಗ ಇನ್ನೂ ಎಳೆಯ. ಇವತ್ತಿನ ಬೆಳಕಿನಲ್ಲಿ ನೂರಕ್ಕೆ 70ರಿಂದ 75 ಪಾಲು ಮಾತ್ರ ಕೊಡುತ್ತಿದ್ದ. ಲೆಕ್ಕ ಪ್ರಕಾರ ಸಮುದ್ರ ಹೆಪ್ಪುಗಟ್ಟಿರಬೇಕಿತ್ತು. ಹೆಪ್ಪುಗಟ್ಟಲಿಲ್ಲ. ಇಂಗಾಲದ ಡೈ ಆಕ್ಸೈಡ್ ದಟ್ಟವಾಗಿದ್ದದ್ದೇ ಇದಕ್ಕೆ ಮುಖ್ಯ ಕಾರಣ ಇರಬೇಕು. ಕಂಬಳಿ ಹೊದ್ದ ಹಾಗೆ ಅದು ಶಾಖವನ್ನು ಹಿಡಿದಿಟ್ಟಿತು. ಆದರೆ ಇನ್ನೊಂದು ಹೊದಿಕೆ ಇರಲಿಲ್ಲ. ಓಝೋನ್ ಅನ್ನುವುದು ಆಕ್ಸಿಜನ್ನಿನಿಂದಲೇ ಆಗುವಂಥದ್ದು. ಆಕ್ಸಿಜನ್ನೇ ಇಲ್ಲದ ಮೇಲೆ ಓಝೋನ್ ಎಲ್ಲಿಂದ ಬರಬೇಕು? ಸೂರ್ಯನ ಅತಿನೇರಳೆ ಕಿರಣಗಳು ನೇರ ನೆಲಕ್ಕೆ ಬಡಿಯುತ್ತಿದ್ದವು.

ಕೇಳಿದರೆ ನರಕದ ವರ್ಣನೆಯ ಹಾಗಿದೆ. ಆದರೆ ಜೀವ ಹುಟ್ಟುವುದಕ್ಕೆ ಬೇಕಾಗಿದ್ದದ್ದು ಇಂಥದೇ ಜಾಗ. ಇದನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಅಡುಗೆಮನೆಗೆ ಬನ್ನಿ. ಎಣ್ಣೆಗಾಯಿಗೆ ಬದನೆಕಾಯಿ ಸೀಳಿದ ಕೂಡಲೇ ಉಪ್ಪುನೀರಿಗೆ ಹಾಕುತ್ತಾರೆ, ಅಲ್ವಾ? ಯಾಕೆ? ಹೊರಗೆ ಬಿಟ್ಟರೆ ಕಪ್ಪಾಗುತ್ತದೆ. ಹೆಚ್ಚಿದ ಕಾಯಿಯನ್ನು ಆಕ್ಸಿಜನ್ ಹಿಡಿದುಕೊಳ್ಳುವುದರಿಂದ ಹಾಗಾಗುತ್ತದೆ. ಎಣ್ಣೆ ಕಮಟಾಗುವುದೂ ಹಾಗೇ, ಕಟ್ಟಿಗೆ ಉರಿಯುವುದೂ ಹಾಗೇ. ನಮಗೆ ಪ್ರಾಣವಾಯು ಅನಿಸುವ ಈ ಅನಿಲ ಇಂಗಾಲದ ವಸ್ತುಗಳನ್ನು ಬಿಡದೆ ಕಾಡುತ್ತದೆ. ನಮ್ಮ ಮೈಯೊಳಗೆ ಅದನ್ನು ಅಂಕೆಯಲ್ಲಿಡಲು ದೊಡ್ಡ ವ್ಯವಸ್ಥೆಯೇ ಇದೆ. ಜೀವ ಹುಟ್ಟುವ ಮೊದಲು ಅಂಥ ವ್ಯವಸ್ಥೆ ಎಲ್ಲಿತ್ತು? ಆಗ ಗಾಳಿಯಲ್ಲಿ ಇವತ್ತಿನ ಹಾಗೆ ನೂರಕ್ಕೆ 21 ಪಾಲು ಆಕ್ಸಿಜನ್ ಇದ್ದಿದ್ದರೆ, ಒಂದೊಂದಾಗಿ ಕೂಡಿಕೊಳ್ಳಬೇಕಾಗಿದ್ದ ಎಳೆಯ ರಾಸಾಯನಿಕಗಳು ಕೂಡುವ ಮೊದಲೇ ಕೆಟ್ಟುಹೋಗುತ್ತಿದ್ದವು.

ಈ ಮಾತನ್ನು ಮೊದಲು ಸ್ಪಷ್ಟವಾಗಿ ಹೇಳಿದವರು ಇಬ್ಬರು. 1924ರಲ್ಲಿ ರಷ್ಯಾದ ಅಲೆಕ್ಸಾಂಡರ್ ಒಪಾರಿನ್, 1929ರಲ್ಲಿ ಇಂಗ್ಲೆಂಡಿನ ಜೆ.ಬಿ.ಎಸ್. ಹಾಲ್ಡೇನ್. ಒಬ್ಬರ ಬರಹ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಬಂದು ಹೇಳಿದ್ದು ಒಂದೇ: ಮಿಂಚು, ಬಿಸಿಲಿನ ಬಲದಿಂದ ಸರಳ ಅನಿಲಗಳು ಸೇರಿ ಇಂಗಾಲದ ಸಂಯುಕ್ತಗಳಾದವು, ಅವು ಸಮುದ್ರದಲ್ಲಿ ಕೂಡಿಕೊಂಡು ತೆಳ್ಳನೆಯ ಸಾರಿನಂತಾಯಿತು. ಹಾಲ್ಡೇನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು 1957ರಲ್ಲಿ ಭಾರತಕ್ಕೆ ಬಂದು ನೆಲೆಸಿದರು, ಇಲ್ಲಿನ ಪೌರತ್ವ ಪಡೆದರು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಜೀವದ ಹುಟ್ಟಿನ ಬಗ್ಗೆ ಇಷ್ಟು ದೊಡ್ಡ ಯೋಚನೆ ಮಾಡಿದ ಮನುಷ್ಯ ಕೊನೆಗೆ ನಮ್ಮವರಾಗಿಯೇ ಹೋದರು. ನಮ್ಮ ಶಾಲೆಗಳಲ್ಲಿ ಇದನ್ನು ಹೇಳಿಕೊಡಬೇಕು ಅಂತ ನನಗೆ ಬಹಳ ಆಸೆ.

ಯೋಚನೆ ಸರಿ, ಆದರೆ ಮಾಡಿ ನೋಡಿದವರು ಯಾರು? ಸುಮಾರು 25 ವರ್ಷ ಯಾರೂ ಮಾಡಲಿಲ್ಲ. 1952ರಲ್ಲಿ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್ಲರ್ ಅನ್ನುವ 22 ವರ್ಷದ ಹುಡುಗ, ತನ್ನ ಗುರು ಹೆರಾಲ್ಡ್ ಯೂರಿ ಅವರ ಹತ್ತಿರ ಹೋಗಿ ನಾನು ಮಾಡುತ್ತೇನೆ ಅಂದ. ಯೂರಿ ನೊಬೆಲ್ ಪಡೆದ ದೊಡ್ಡ ವಿಜ್ಞಾನಿ. ಇದು ಕೈಗೂಡುತ್ತದೆ ಅನ್ನುವ ನಂಬಿಕೆ ಅವರಿಗೆ ಅಷ್ಟೇನೂ ಇರಲಿಲ್ಲ.

ಮಿಲ್ಲರ್ ಮಾಡಿದ್ದು ಇಷ್ಟು. ಎರಡು ಗಾಜಿನ ಬುರುಡೆ, ಎರಡನ್ನೂ ಕೊಳವೆಗಳಿಂದ ಸುತ್ತು ಬರುವಂತೆ ಜೋಡಿಸಿದ. ಕೆಳಗಿನ ಚಿಕ್ಕ ಬುರುಡೆಯಲ್ಲಿ ನೀರು. ಅದೇ ಸಮುದ್ರ. ಮೇಲಿನ 5 ಲೀಟರ್ ಬುರುಡೆಯಲ್ಲಿ ಮೀಥೇನ್, ಅಮೋನಿಯಾ, ಜಲಜನಕ. ಅದೇ ವಾತಾವರಣ. ಒಳಗಿನ ಗಾಳಿಯನ್ನು ಮೊದಲೇ ಪೂರ್ತಿ ಎಳೆದು ತೆಗೆದಿದ್ದ, ಆಕ್ಸಿಜನ್ ಒಂದಿಷ್ಟೂ ಇರಬಾರದು. ನೀರು ಕುದಿಸಿದ. ಆವಿ ಮೇಲೆ ಹೋಗಿ ಅನಿಲಗಳ ಜೊತೆ ಬೆರೆಯಿತು. ಅಲ್ಲಿ ಎರಡು ತಂತಿಗಳ ನಡುವೆ ವಿದ್ಯುತ್ ಕಿಡಿ ಹಾರಿಸಿದ. ಅದು ಮಿಂಚು. ಆವಿ ತಣಿದು ಹನಿಯಾಗಿ ಮತ್ತೆ ಕೆಳಗಿನ ನೀರಿಗೆ. ಅದು ಮಳೆ. ಹೀಗೆ ಹಗಲು ರಾತ್ರಿ ಒಂದು ವಾರ.

ಒಂದು ದಿನಕ್ಕೇ ನೀರು ನಸುಗೆಂಪಾಯಿತು. ವಾರದ ಕೊನೆಗೆ ಕಡುಗೆಂಪು, ಕದಡಿದ ನೀರು. ಆ ನೀರಿನ ಒಂದು ಹನಿಯನ್ನು ಸೋಸುಕಾಗದದ ಮೇಲೆ ಹರಡಿಸಿ, ಅದಕ್ಕೆ ನಿನ್‌ಹೈಡ್ರಿನ್ ಅನ್ನುವ ರಾಸಾಯನಿಕ ಸಿಂಪಡಿಸಿ ಕಾಯಿಸಿದರೆ ಅಮೈನೊ ಆಮ್ಲ ಇರುವ ಕಡೆ ನೇರಳೆ ಚುಕ್ಕಿ ಮೂಡುತ್ತದೆ. ಮೂಡಿತು. ಗ್ಲೈಸೀನ್ ಇತ್ತು, ಅಲನೀನ್ ಇತ್ತು, ಇನ್ನೂ ಕೆಲವು ಮಬ್ಬು ಚುಕ್ಕಿಗಳಿದ್ದವು. ಇವು ನಮ್ಮ ಮೈಯ ಪ್ರೋಟೀನಿನ ಇಟ್ಟಿಗೆಗಳು. ನಾವು ತಿನ್ನುವ ಬೇಳೆಯಲ್ಲಿ, ನಮ್ಮ ಕೂದಲಲ್ಲಿ, ಸ್ನಾಯುವಿನಲ್ಲಿ ಇರುವುದು ಇವೇ. ಜೀವದ ಸೋಂಕೇ ಇಲ್ಲದ ಗಾಜಿನ ಬುರುಡೆಯಲ್ಲಿ ಒಂದು ವಾರದಲ್ಲಿ ಇವು ತಾವಾಗಿ ಆದವು. 1953ರ ಮೇ ತಿಂಗಳಲ್ಲಿ ಇದು ಪ್ರಕಟವಾದಾಗ ಯೂರಿ ತಮ್ಮ ಹೆಸರು ಸೇರಿಸಬೇಡ ಅಂದರು, ಕೀರ್ತಿಯೆಲ್ಲ ಹುಡುಗನಿಗೇ ಸಿಗಲಿ ಅಂತ. ನನಗೆ ಈ ಇಡೀ ಕತೆಯಲ್ಲಿ ತುಂಬಾ ಇಷ್ಟವಾಗುವ ಘಳಿಗೆ ಇದು.

ಮಿಲ್ಲರ್ 2007ರಲ್ಲಿ ತೀರಿಕೊಂಡರು. ಅವರ ಹಳೆಯ ಪೆಟ್ಟಿಗೆಗಳಲ್ಲಿ ಆ ಕಾಲದ ಸೀಸೆಗಳು ಹಾಗೇ ಇದ್ದವು, ಒಣಗಿದ ಗಸಿಯ ಸಮೇತ. ಅವರ ಶಿಷ್ಯ ಜೆಫ್ರಿ ಬಾಡಾ ಮತ್ತು ಜೊತೆಗಾರರು ಅವನ್ನು ಹೊಸ ಯಂತ್ರಗಳಲ್ಲಿ ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಹೇಳಿದರು. ಜ್ವಾಲಾಮುಖಿಯ ಆವಿ ಚಿಮ್ಮುವ ಹಾಗೆ ಮಾಡಿದ್ದ ಒಂದು ಪ್ರಯೋಗದಲ್ಲಿ 22 ಬಗೆಯ ಅಮೈನೊ ಆಮ್ಲಗಳು ಸಿಕ್ಕವು. ಅರ್ಧ ಶತಮಾನ ಸೀಸೆಯಲ್ಲಿ ಕೂತಿದ್ದ ಉತ್ತರ.

ಆದರೆ ಒಂದು ದೊಡ್ಡ ತಕರಾರಿದೆ, ಅದನ್ನು ಮುಚ್ಚಿಡಬಾರದು. ಮಿಲ್ಲರ್ ಹಾಕಿದ್ದು ಮೀಥೇನ್, ಅಮೋನಿಯಾ. ನಾನು ಮೇಲೆ ಹೇಳಿದ್ದು ಇಂಗಾಲದ ಡೈ ಆಕ್ಸೈಡ್, ಸಾರಜನಕ. ಯಾವುದು ಸರಿ? 1970ರ ನಂತರ ಹೆಚ್ಚಿನ ಭೂವಿಜ್ಞಾನಿಗಳು ಎರಡನೆಯದರ ಕಡೆಗೇ ವಾಲಿದರು. ಆ ಅನಿಲಗಳಲ್ಲಿ ಕಿಡಿ ಹಾರಿಸಿದರೆ ಅಮೈನೊ ಆಮ್ಲ ಬಹಳ ಕಡಿಮೆ ಬರುತ್ತದೆ. ಹಾಗಾಗಿ ಒಂದಷ್ಟು ಕಾಲ ಮಿಲ್ಲರ್ ಪ್ರಯೋಗ ಚೆಂದ, ಆದರೆ ಭೂಮಿಯಲ್ಲಿ ಹಾಗೆ ಆಗಿರಲಿಕ್ಕಿಲ್ಲ ಅನ್ನುವ ಮಾತು ಹಬ್ಬಿತು.

ಈ ತಕರಾರು ಈಗ ಅಷ್ಟು ಬಿಗಿಯಾಗಿಲ್ಲ. ಕಾರಣ ಎರಡು. ಆ ಪ್ರಯೋಗಗಳಲ್ಲಿ ಅಮೈನೊ ಆಮ್ಲ ಹುಟ್ಟುತ್ತಲೇ ಇತ್ತು, ಆದರೆ ಜೊತೆಗೇ ಹುಟ್ಟುವ ನೈಟ್ರೈಟ್ ಅದನ್ನು ಹಾಳು ಮಾಡುತ್ತಿತ್ತು ಅನ್ನುವುದು 2008ರ ಸುಮಾರಿಗೆ ಗೊತ್ತಾಯಿತು. ಅದನ್ನು ತಡೆಯುವ ವಸ್ತು ಇದ್ದರೆ ಅಮೈನೊ ಆಮ್ಲ ಉಳಿದುಕೊಳ್ಳುತ್ತದೆ. ಆ ಕಾಲದ ಸಮುದ್ರದಲ್ಲಿ ಹೀಗೆ ತಡೆಯಬಲ್ಲ ವಸ್ತು ಯಾವುದಿತ್ತು? ಕರಗಿದ ಕಬ್ಬಿಣ. ನಮ್ಮ ಬಕೆಟ್ಟಿನಲ್ಲಿ ಬೆಳಗ್ಗೆ ಇದ್ದ ಅದೇ ಕಬ್ಬಿಣ. ಎರಡನೆಯದು, ಎಳೆಯ ಭೂಮಿಗೆ ಆಕಾಶದಿಂದ ಕಬ್ಬಿಣ ತುಂಬಿದ ದೊಡ್ಡ ಬಂಡೆಗಳು ಬಂದು ಬೀಳುತ್ತಿದ್ದವು. ಬಿಸಿ ಕಬ್ಬಿಣ ನೀರಿನಿಂದ ಆಕ್ಸಿಜನ್ ಕಿತ್ತುಕೊಂಡರೆ ಉಳಿಯುವುದು ಜಲಜನಕ. ಅದು ಇಂಗಾಲದ ಜೊತೆ ಸೇರಿದರೆ ಮೀಥೇನ್. ಅಂದರೆ ಯಾವಾಗಲೂ ಅಲ್ಲದಿದ್ದರೂ, ದೊಡ್ಡ ಬಡಿತಗಳ ನಂತರ ಒಂದಷ್ಟು ಕಾಲ, ಮಿಲ್ಲರನ ಬುರುಡೆಯಂಥ ಗಾಳಿ ಇದ್ದಿರಬಹುದು.

ಇನ್ನು ಸೈನೈಡ್. ರಾಯಚೂರು ಜಿಲ್ಲೆಯವರಿಗೆ ಈ ಹೆಸರು ಹೊಸದಲ್ಲ. ಹಟ್ಟಿಯಲ್ಲಿ ಕಲ್ಲಿನ ಪುಡಿಯಿಂದ ಚಿನ್ನ ಬಿಡಿಸುವುದು ಸೈನೈಡ್ ದ್ರಾವಣದಿಂದಲೇ. ವಿಷದ ವಿಷ. ಅದರ ಬಳಗದ ಹೈಡ್ರೊಜನ್ ಸೈನೈಡ್ ಒಂದು ಪುಟ್ಟ ಅಣು: ಒಂದು ಜಲಜನಕ, ಒಂದು ಇಂಗಾಲ, ಒಂದು ಸಾರಜನಕ. ಮಿಂಚು ಹೊಡೆದಾಗ ಇದು ಆಗುತ್ತದೆ. ಸುಮಾರು 1960ರಲ್ಲಿ ಸ್ಪೇನ್ ಮೂಲದ ಹುವಾನ್ ಒರೊ ಇದನ್ನು ಅಮೋನಿಯಾ ನೀರಿನಲ್ಲಿ ಹಾಕಿ ಕಾಯಿಸಿ ಇಟ್ಟರು. ಸಿಕ್ಕಿದ್ದು ಅಡೆನೀನ್. ನಮ್ಮ ಡಿಎನ್ಎ ಬರೆಯುವ ನಾಲ್ಕು ಅಕ್ಷರಗಳಲ್ಲಿ ಒಂದು. ಲೆಕ್ಕ ಹಾಕಿ ನೋಡಿ: ಅಡೆನೀನಿನಲ್ಲಿ 5 ಇಂಗಾಲ, 5 ಜಲಜನಕ, 5 ಸಾರಜನಕ. ಐದು ಸೈನೈಡ್ ಅಣುಗಳನ್ನು ಕೂಡಿಸಿದರೆ ಸರಿಯಾಗಿ ಒಂದು ಅಡೆನೀನ್, ಒಂದು ಪರಮಾಣು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಇವತ್ತು ನಮ್ಮನ್ನು ಕೊಲ್ಲುವ ವಸ್ತುವೇ ಅವತ್ತು ನಮ್ಮ ಮೊದಲ ಅಕ್ಷರಕ್ಕೆ ಮಸಿಯಾಗಿದ್ದಿರಬಹುದು. ಉಸಿರಾಡಲು ಆಕ್ಸಿಜನ್ ಬಳಸುವ ಜೀವಿಗಳಿಗೇ ಸೈನೈಡ್ ಅಷ್ಟು ಘೋರ ವಿಷ. ಅವತ್ತು ಅಂಥ ಜೀವಿ ಯಾವುದೂ ಇರಲಿಲ್ಲ.

ಮೇಲಿಂದ ಬಿದ್ದದ್ದೂ ಇದೆ. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್ ಊರಿನಲ್ಲಿ ಬಿದ್ದ ಉಲ್ಕೆಯಲ್ಲಿ ಹತ್ತಾರು ಬಗೆಯ ಅಮೈನೊ ಆಮ್ಲಗಳು ಸಿಕ್ಕವು. 2023ರಲ್ಲಿ ನಾಸಾದ ನೌಕೆ ಬೆನ್ನು ಎಂಬ ಕ್ಷುದ್ರಗ್ರಹದ ಮಣ್ಣನ್ನು ಭೂಮಿಗೆ ತಂದಿತು. ಅದರಲ್ಲಿ ಜೀವಿಗಳು ಬಳಸುವ 20 ಅಮೈನೊ ಆಮ್ಲಗಳ ಪೈಕಿ 14, ಡಿಎನ್ಎ ಮತ್ತು ಅದರ ಸೋದರ ಅಣು ಆರ್‌ಎನ್ಎಯ ಐದೂ ಅಕ್ಷರಗಳು ಇದ್ದವು ಅಂತ 2025ರಲ್ಲಿ ವರದಿಯಾಯಿತು. ಇಟ್ಟಿಗೆಗೆ ಬರ ಇರಲಿಲ್ಲ.

ಆದರೆ ಇಟ್ಟಿಗೆ ರಾಶಿ ಹಾಕಿದರೆ ಮನೆ ಆಗುತ್ತದಾ? ಜೋಡಿಸಬೇಕು. ಇಲ್ಲಿ ನೀರೇ ಅಡ್ಡಿ. ಎರಡು ಅಮೈನೊ ಆಮ್ಲಗಳು ಸೇರಬೇಕಾದರೆ ನಡುವಿನಿಂದ ಒಂದು ನೀರಿನ ಅಣು ಹೊರಗೆ ಹೋಗಬೇಕು. ಸುತ್ತಲೂ ನೀರೇ ತುಂಬಿದ್ದರೆ ಅದು ಹೊರಗೆ ಹೋಗುವುದಾದರೂ ಎಲ್ಲಿಗೆ? ದೊಡ್ಡ ಸಮುದ್ರದಲ್ಲಿ ಜೋಡಣೆಗಿಂತ ಬಿಡುಗಡೆಯೇ ಸುಲಭ. ಮತ್ತೆ ಅಷ್ಟು ನೀರಿನಲ್ಲಿ ಒಂದು ಅಣುವಿಗೆ ಇನ್ನೊಂದು ಸಿಗುವುದೂ ಕಷ್ಟ.

ಅದಕ್ಕೇ ಹಲವರು ಸಮುದ್ರ ಬಿಟ್ಟು ಹೊಂಡಗಳ ಕಡೆ ನೋಡಿದರು. 1871ರಲ್ಲೇ ಡಾರ್ವಿನ್ ತಮ್ಮ ಗೆಳೆಯ ಹೂಕರ್‌ಗೆ ಬರೆದ ಪತ್ರದಲ್ಲಿ ಬೆಚ್ಚನೆಯ ಪುಟ್ಟ ಹೊಂಡವೊಂದನ್ನು ಕಲ್ಪಿಸಿಕೊಂಡಿದ್ದರು. ನಮ್ಮ ಕಡೆಯ ಕೆರೆ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಮಳೆಗಾಲಕ್ಕೆ ತುಂಬುತ್ತದೆ. ಏಪ್ರಿಲ್ ಹೊತ್ತಿಗೆ ಬತ್ತುತ್ತಾ ನಡುವಿನ ಗುಂಡಿಗೆ ಇಳಿಯುತ್ತದೆ. ನೀರು ಕಡಿಮೆಯಾದಷ್ಟೂ ಅದರಲ್ಲಿ ಕರಗಿದ್ದೆಲ್ಲ ಗಟ್ಟಿಯಾಗುತ್ತದೆ. ಕೊನೆಗೆ ತಳದ ಕೆಸರೂ ಒಣಗಿ ಬಿರಿಯುತ್ತದೆ. ಮತ್ತೆ ಮಳೆ, ಮತ್ತೆ ನೀರು. ಒಣಗುವಾಗ ನೀರಿನ ಅಣು ಹೊರಗೆ ಹೋಗಿ ಇಟ್ಟಿಗೆಗಳು ಕೂಡಿಕೊಳ್ಳುತ್ತವೆ, ಒದ್ದೆಯಾದಾಗ ಕೂಡಿದ ಸರಗಳು ಬೆರೆತು ಜಾಗ ಬದಲಿಸುತ್ತವೆ. ಪ್ರಯೋಗಾಲಯದಲ್ಲಿ ಹೀಗೆ ಒಣಗಿಸಿ ನೆನೆಸಿ, ಒಣಗಿಸಿ ನೆನೆಸಿ ಮಾಡಿದರೆ ಸರಗಳು ಉದ್ದವಾಗುತ್ತಾ ಹೋಗುತ್ತವೆ.

ಈಗ ನನಗೆ ಅತಿ ಪ್ರೀತಿಯ ಭಾಗ. ನಮ್ಮ ಎರೆ ಮಣ್ಣು. ಸಿರುಗುಪ್ಪ, ಸಿಂಧನೂರು, ಕುಷ್ಟಗಿ ಕಡೆಯ ಎರೆ ಹೊಲದಲ್ಲಿ ಮಳೆಗಾಲದಲ್ಲಿ ನಡೆದರೆ ಒಂದೊಂದು ಕಾಲಿಗೂ ಸೇರು ಸೇರು ಮಣ್ಣು ಹತ್ತುತ್ತದೆ. ಬೇಸಿಗೆಯಲ್ಲಿ ಅದೇ ಹೊಲ ಕೈ ತೂರುವಷ್ಟು ಅಗಲ ಬಿರುಕು ಬಿಡುತ್ತದೆ. ಈ ಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಇದೆ. ಅದು ಪುಸ್ತಕದ ಹಾಳೆಗಳ ಹಾಗೆ ಪದರ ಪದರ. ಹಾಳೆಗಳ ನಡುವೆ ನೀರು ಹೊಕ್ಕರೆ ಉಬ್ಬುತ್ತದೆ, ನೀರು ಹೋದರೆ ಕುಗ್ಗುತ್ತದೆ. ಆ ಹಾಳೆಗಳ ನಡುವೆ ನೀರಷ್ಟೇ ಅಲ್ಲ, ಇಂಗಾಲದ ಅಣುಗಳೂ ಹೋಗಿ ಸಾಲಾಗಿ ಕೂರುತ್ತವೆ. ಅಮೆರಿಕದ ಜೇಮ್ಸ್ ಫೆರಿಸ್ ಇದೇ ಜೇಡಿಯ ಮೇಲೆ ಆರ್‌ಎನ್ಎಯ ಬಿಡಿ ಮಣಿಗಳನ್ನು, ಕೂಡಿಕೊಳ್ಳಲು ತಯಾರಾದ ರೂಪದಲ್ಲಿ, ದಿನ ದಿನ ಹಾಕುತ್ತಾ ಹೋದರು. 1990ರ ದಶಕದಲ್ಲಿ ಅವರಿಗೆ 40–50 ಮಣಿಗಳ ಸರ ಸಿಕ್ಕಿತು. 2003ರಲ್ಲಿ ಜ್ಯಾಕ್ ಶೋಸ್ಟಾಕ್ ಅವರ ತಂಡ ಇನ್ನೊಂದು ಕಂಡುಕೊಂಡಿತು: ಕೊಬ್ಬಿನ ಅಣುಗಳು ನೀರಿನಲ್ಲಿ ತಾವಾಗಿ ಪುಟ್ಟ ಗುಳ್ಳೆಗಳಾಗುತ್ತವೆ, ಈ ಜೇಡಿ ಇದ್ದರೆ ಆ ಕೆಲಸ ಬಹಳ ಬೇಗ ಆಗುತ್ತದೆ, ಜೇಡಿಯ ಕಣ ಗುಳ್ಳೆಯ ಒಳಗೂ ಸೇರಿಕೊಳ್ಳುತ್ತದೆ. ಅಂದರೆ ಸರವನ್ನು ಪೋಣಿಸಬಲ್ಲ ಮಣ್ಣೇ ಆ ಸರಕ್ಕೆ ಒಂದು ಸಂಚಿಯನ್ನೂ ಮಾಡಿಕೊಡಬಲ್ಲದು. ನಮ್ಮ ಹೊಲದ ಎರೆ ಅಷ್ಟು ಹಳೆಯದಲ್ಲ, ಅದು ಎಷ್ಟೋ ಆಮೇಲೆ ಆದದ್ದು. ಆದರೆ ಜೇಡಿಯ ಜಾತಿ ಅದೇ. ಜ್ವಾಲಾಮುಖಿಯ ಬೂದಿ ನೀರಿನಲ್ಲಿ ಕೊಳೆತರೆ ಅದು ಎಲ್ಲಿ ಬೇಕಾದರೂ ಆಗುತ್ತದೆ, ಎಳೆಯ ಭೂಮಿಯಲ್ಲೂ ಆಗಿರುತ್ತದೆ.

ಎಲ್ಲರೂ ಹೊಂಡದ ಪಕ್ಷದವರಲ್ಲ. ಸಮುದ್ರದ ತಳದಲ್ಲಿ ಬಿಸಿನೀರಿನ ಬುಗ್ಗೆಗಳಿವೆ, 1977ರಲ್ಲಿ ಮೊದಲು ಕಂಡವು. ಅಲ್ಲಿನ ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಕಬ್ಬಿಣ–ಗಂಧಕದ ಪದರಗಳಿರುತ್ತವೆ, ಜಲಜನಕ ಸದಾ ಬರುತ್ತಿರುತ್ತದೆ, ಶಕ್ತಿಗೆ ಕೊರತೆ ಇಲ್ಲ. ಜೀವ ಶುರುವಾದದ್ದು ಅಲ್ಲೇ ಅನ್ನುವವರ ವಾದವೂ ಗಟ್ಟಿಯಾಗಿದೆ. ಶಕ್ತಿಯ ಪ್ರಶ್ನೆಗೆ ಬುಗ್ಗೆ ಒಳ್ಳೆಯ ಉತ್ತರ ಕೊಡುತ್ತದೆ, ಜೋಡಣೆಯ ಪ್ರಶ್ನೆಗೆ ಹೊಂಡ. ನನ್ನ ಮನಸ್ಸು ಹೊಂಡದ ಕಡೆಗಿದೆ.

ಇನ್ನೊಂದು ಗಂಟು: ಬೀಜ ಮೊದಲೋ ಮರ ಮೊದಲೋ. ಪ್ರೋಟೀನ್ ಮಾಡಲು ಡಿಎನ್ಎಯ ಬರಹ ಬೇಕು, ಡಿಎನ್ಎ ನಕಲು ಮಾಡಲು ಪ್ರೋಟೀನ್ ಬೇಕು. ಯಾವುದು ಮೊದಲು? 1980ರ ದಶಕದ ಶುರುವಿನಲ್ಲಿ ಥಾಮಸ್ ಚೆಕ್ ಮತ್ತು ಸಿಡ್ನಿ ಆಲ್ಟ್‌ಮನ್ ಬೇರೆ ಬೇರೆಯಾಗಿ ಕಂಡುಹಿಡಿದದ್ದು ಏನೆಂದರೆ, ಆರ್‌ಎನ್ಎ ಬರಹವನ್ನೂ ಇಟ್ಟುಕೊಳ್ಳುತ್ತದೆ, ಪ್ರೋಟೀನಿನ ಹಾಗೆ ಕೆಲಸವನ್ನೂ ಮಾಡುತ್ತದೆ. 1989ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಜೀವಕೋಶಗಳಲ್ಲಿ ಪ್ರೋಟೀನ್ ತಯಾರಿಸುವ ರೈಬೊಸೋಮಿನ ನಡುಗರ್ಭದಲ್ಲಿ ಜೋಡಣೆಯ ಕೆಲಸ ಮಾಡುವುದು ಇವತ್ತಿಗೂ ಆರ್‌ಎನ್ಎಯೇ. ರೈಬೊಸೋಮಿನ ರಚನೆ ಬಿಡಿಸಿ ತೋರಿಸಿದ ಮೂವರಲ್ಲಿ ಒಬ್ಬರು ತಮಿಳುನಾಡಿನ ಚಿದಂಬರದಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್, 2009ರ ನೊಬೆಲ್. ಹಾಗಾಗಿ ಮೊದಲು ಆರ್‌ಎನ್ಎ, ಆಮೇಲೆ ಉಳಿದೆರಡು ಅನ್ನುವ ಕಡೆ ತುಂಬಾ ಜನ ಒಲಿದಿದ್ದಾರೆ. ಮಣಿಗಳ ಸರ ತನ್ನನ್ನು ತಾನೇ ನಕಲು ಮಾಡಿಕೊಳ್ಳಲು ಶುರು ಮಾಡಿದ ಆ ಹೆಜ್ಜೆಯನ್ನು ಮಾತ್ರ ಯಾವ ಪ್ರಯೋಗಾಲಯವೂ ಬರೀ ಅನಿಲ, ನೀರಿನಿಂದ ಹಿಡಿದು ಇವತ್ತಿನ ತನಕ ಪೂರ್ತಿ ಮಾಡಿ ತೋರಿಸಿಲ್ಲ.

ಹೇಗೋ ಶುರುವಾಯಿತು. 348 ಕೋಟಿ ವರ್ಷದಷ್ಟು ಹಳೆಯ ಆಸ್ಟ್ರೇಲಿಯಾದ ಬಂಡೆಗಳಲ್ಲಿ ಸ್ಟ್ರೊಮಟೊಲೈಟ್ ಸಿಗುತ್ತವೆ. ಅಂದರೆ ಸೂಕ್ಷ್ಮಜೀವಿಗಳ ಪಾಚಿಯಂಥ ಚಾಪೆ ಪದರ ಪದರವಾಗಿ ಕಲ್ಲಾದದ್ದು. ನಮ್ಮ ಸಂಡೂರು ಸಾಲಿನ ಹಳೆಯ ಸುಣ್ಣದ ಶಿಲೆಗಳಲ್ಲೂ ಇಂಥ ಗುರುತುಗಳನ್ನು ಭೂವಿಜ್ಞಾನಿಗಳು ದಾಖಲಿಸಿದ್ದಾರೆ. ಅದಿರು ಸಿಗುವ ಗುಡ್ಡಸಾಲಿನಲ್ಲೇ ಜೀವದ ಗುರುತೂ ಇದೆ. ಲಾರಿ ಲೆಕ್ಕದಲ್ಲಿ ಮಾತ್ರ ಆ ಗುಡ್ಡಗಳನ್ನು ನೋಡುವುದು ನನಗೆ ನೋವಾಗುವುದು ಇದಕ್ಕೇ.

ಯಾವುದೋ ಹಂತದಲ್ಲಿ ಸಯನೊಬ್ಯಾಕ್ಟೀರಿಯಾ ಅನ್ನುವ ಜೀವಿಗಳು ಬಿಸಿಲಿನಿಂದ ನೀರನ್ನು ಒಡೆಯುವುದು ಕಲಿತವು. ನೀರಿನ ಜಲಜನಕ ಅವಕ್ಕೆ ಬೇಕಿತ್ತು. ಆಕ್ಸಿಜನ್ ಬೇಡದ ಕಸ, ಹೊರಗೆ ಬಿಟ್ಟವು. ಆ ಕಸ ಮೊದಲು ಹೋಗಿ ಸೇರಿದ್ದು ಸಮುದ್ರದ ಕಬ್ಬಿಣಕ್ಕೆ. ಕಬ್ಬಿಣ ತುಕ್ಕಾಗಿ ಇಳಿಯಿತು, ಗೆರೆಯಾಗಿ ಕೂತಿತು. ಆಕ್ಸಿಜನ್ ಇಲ್ಲದೆಯೂ ಬೆಳಕಿನ ಬಲದಿಂದ ಕಬ್ಬಿಣವನ್ನು ತುಕ್ಕು ಮಾಡುವ ಸೂಕ್ಷ್ಮಜೀವಿಗಳು ಇವೆ. ಹಾಗಾಗಿ ಸಂಡೂರಿನ ಒಂದೊಂದು ಗೆರೆಯನ್ನೂ ಸಯನೊಬ್ಯಾಕ್ಟೀರಿಯಾದ ಲೆಕ್ಕಕ್ಕೇ ಬರೆಯಲಾಗುವುದಿಲ್ಲ. ಆದರೂ ಸುಮಾರು 240 ಕೋಟಿ ವರ್ಷದ ಹಿಂದೆ ಆಕ್ಸಿಜನ್ ಗಾಳಿಯಲ್ಲಿ ನಿಂತೇ ಬಿಟ್ಟಿತು. ಅಲ್ಲಿಯ ತನಕ ಅದು ಇವತ್ತಿನ ಪ್ರಮಾಣದ ಲಕ್ಷದಲ್ಲಿ ಒಂದು ಪಾಲೂ ಇರಲಿಲ್ಲ. ಇದನ್ನು ಹೇಳುವುದು ಹಳೆಯ ಬಂಡೆಗಳಲ್ಲಿರುವ ಗಂಧಕ. ಆಕ್ಸಿಜನ್, ಓಝೋನ್ ಇಲ್ಲದ ಗಾಳಿಯಲ್ಲಿ ಅತಿನೇರಳೆ ಕಿರಣ ಬಿದ್ದಾಗ ಮಾತ್ರ ಗಂಧಕದಲ್ಲಿ ಒಂದು ವಿಚಿತ್ರ ಗುರುತು ಮೂಡುತ್ತದೆ. ಆ ಗುರುತು ಹಳೆಯ ಬಂಡೆಗಳಲ್ಲೆಲ್ಲ ಇದೆ, ಅಲ್ಲಿಂದಾಚೆ ಮಾಯ. ಜೇಮ್ಸ್ ಫಾರ್ಕರ್ ಮತ್ತು ಜೊತೆಗಾರರು ಇದನ್ನು 2000ದಲ್ಲಿ ತೋರಿಸಿಕೊಟ್ಟರು.

ಹಳೆಯ ಗಾಳಿಯಲ್ಲಿ ಹುಟ್ಟಿ ಬೆಳೆದ ಜೀವಿಗಳಿಗೆ ಈ ಹೊಸ ಗಾಳಿ ವಿಷ. ಸತ್ತವು ಸತ್ತವು. ಉಳಿದವು ಗಾಳಿ ಹೋಗದ ಕಡೆ ಅಡಗಿದವು. ಕೆರೆಯ ತಳದ ಕರಿ ಹೂಳಿನಲ್ಲಿ, ನೆನೆದ ಗದ್ದೆಯ ಕೆಸರಿನಲ್ಲಿ, ದನದ ಹೊಟ್ಟೆಯಲ್ಲಿ ಅವುಗಳ ವಂಶ ಇನ್ನೂ ಇದೆ. ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಲ್ಲಿ ನನ್ನ ಗೆಳೆಯನ ಮನೆಯಲ್ಲಿ ಗೋಬರ್ ಗ್ಯಾಸ್ ಇದೆ. ಗುಂಡಿಗೆ ಗಾಳಿ ಹೋಗಬಾರದು ಅಂತ ಅವನ ಅವ್ವ ಬಹಳ ಜೋಪಾನ. ಒಂದು ಸಲ ಮುಚ್ಚಳ ಸೀಳಿ ಗಾಳಿ ಹೊಕ್ಕು, ಎಷ್ಟೋ ದಿನ ಒಲೆ ಹತ್ತಲೇ ಇಲ್ಲವಂತೆ. ಒಳಗಿದ್ದವು ಆಕ್ಸಿಜನ್ ತಾಳದ ಜೀವಿಗಳು. ಸೆಗಣಿ ತಿಂದು ಅವು ಬಿಡುವುದು ಮೀಥೇನ್ ಮತ್ತು ಇಂಗಾಲದ ಡೈ ಆಕ್ಸೈಡ್.

ಹೋದ ತಿಂಗಳು ಅಲ್ಲಿಗೆ ಹೋದಾಗ ಅಕ್ಕನ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಅವ್ವ ಒಲೆಯ ಕೀಲಿ ತಿರುಗಿಸಿ ಕಡ್ಡಿ ಗೀರಿದರು. ಗುಂಡಿಯಿಂದ ಬಂದ ಮೀಥೇನ್, ಹೊರಗಿನ ಆಕ್ಸಿಜನ್, ಎರಡೂ ಸೇರಿ ನೀಲಿ ಉರಿಯಾಯಿತು. ಉರಿದ ಮೇಲೆ ಉಳಿಯುವುದು ಇಂಗಾಲದ ಡೈ ಆಕ್ಸೈಡ್ ಮತ್ತು ನೀರಿನ ಆವಿ, ಮೊದಲ ಜ್ವಾಲಾಮುಖಿಗಳು ಉಗುಳಿದ ಅವೇ ಎರಡು. ಅವಳು ಹಂಚಿನ ಅಡಿಗೆ ಬಗ್ಗಿ ಆ ನೀಲಿಯನ್ನೇ ನೋಡುತ್ತಾ ಕೂತಳು. ಮೇಲೆ ಜೋಳದ ರೊಟ್ಟಿ ಉಬ್ಬುತ್ತಿತ್ತು.